ಅವರ ಧೈರ್ಯ, ನನ್ನ ಕೈ

ಸ್ಮಾರ್ಟ್‌ವಾಚ್ ಕೊಳ್ಳಲು ಜನ ಕೊಡುವ ಕಾರಣಗಳನ್ನೆಲ್ಲ ನಾನು ಹಿಂದೆಯೇ ತಳ್ಳಿಹಾಕಿದ್ದೆ. ನಡಿಗೆ ಎಣಿಸುತ್ತದಂತೆ. ಆಫೀಸಿನ ಗೆಳತಿಯೊಬ್ಬಳು ಕೂತಲ್ಲೇ ಕೈಯಾಡಿಸಿ ಅದನ್ನು ಯಾಮಾರಿಸುವುದನ್ನು ಕಂಡಿದ್ದೇನೆ. ನಿದ್ದೆ ಅಳೆಯುತ್ತದಂತೆ. ಚೆನ್ನಾಗಿ ನಿದ್ದೆ ಬಂತೇ ಎಂದು ಬೆಳಿಗ್ಗೆ ಎದ್ದು ತಮ್ಮ ಮಣಿಕಟ್ಟನ್ನೇ ಕೇಳುವವರ ಜೊತೆ ಏನು ವಾದ ಮಾಡುವುದು? ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಪಳಗಿದವಳು ನಾನು. ಎದುರಾಳಿಯ ಗಟ್ಟಿ ಕಾರಣವನ್ನೇ ಮೊದಲು ಹಿಡಿಯಬೇಕೆಂದು ಕಲಿತಿದ್ದೆ. ಆ ಗಟ್ಟಿ ಕಾರಣ ಬಂದದ್ದು ಹೊರಮಾವಿನ ನಮ್ಮ ಮನೆಯಲ್ಲೇ, ಅಮ್ಮನ ಬಾಯಿಂದ.

ಶನಿವಾರ ಇಂದಿರಾನಗರದಲ್ಲಿ ಕೆಲಸ ಮುಗಿಸಿ, ಶಿವಾಜಿನಗರದಲ್ಲಿ ಗೆಳತಿಯರ ಜೊತೆ ಬೀದಿ ಸುತ್ತಿ, ಬಸ್ಸು ಹಿಡಿದು ಒಬ್ಬಳೇ ಮನೆಗೆ ಬರುವುದು ನನ್ನ ರೂಢಿ. ಅದನ್ನು ನಿಲ್ಲಿಸಬೇಕು, ಇಲ್ಲವೇ ನಾನೆಲ್ಲಿದ್ದೇನೆಂದು ಮನೆಯವರ ಫೋನಿಗೆ ತೋರಿಸುವ ವಾಚು ಕಟ್ಟಿಕೊಳ್ಳಬೇಕು ಎಂದು ಅಪ್ಪ ಅಮ್ಮ ತೀರ್ಮಾನಿಸಿದ್ದರು.

"ನಾವೇ ಕೊಡಿಸ್ತೀವಿ ಕಣೇ. ನಮಗೊಂದು ಧೈರ್ಯ," ಎಂದಳು ಅಮ್ಮ.

ಆ ಪದಕ್ಕೇ ನನಗೆ ಸಿಟ್ಟು ಬಂದದ್ದು. ನಮ್ಮಲ್ಲಿ ಧೈರ್ಯ ಯಾವಾಗಲೂ ಹೀಗೆಯೇ. ಗೇಟಿಗೆ ಇನ್ನೊಂದು ಬೀಗ ಹಾಕಿದರೆ ಒಂದು ಧೈರ್ಯ, ಮಗಳು ಬೇಗ ಮನೆ ಸೇರಿದರೆ ಒಂದು ಧೈರ್ಯ. ಹೆದರುವವರು ಒಬ್ಬರು, ಕಟ್ಟಿಸಿಕೊಳ್ಳುವವರು ಇನ್ನೊಬ್ಬರು.

"ಧೈರ್ಯ ನಿಮಗೆ, ಪಟ್ಟಿ ನನ್ನ ಕೈಗಾ? ನಮ್ಮನೆ ನಾಯಿ ಕತ್ತಿಗೂ ಒಂದು ಪಟ್ಟಿ ಇದೆ."

"ನಾಯಿ ಇಷ್ಟೊಂದು ಎದುರು ಮಾತಾಡಲ್ಲ," ಎಂದ ಅಣ್ಣ, ಬೈಕಿನ ಕೀಯನ್ನು ಬೆರಳಲ್ಲಿ ತಿರುಗಿಸುತ್ತ. ಅವನು ಎಲ್ಲಿಗೆ ಹೊರಟಿದ್ದಾನೆಂದು ಯಾರೂ ಕೇಳಲಿಲ್ಲ.

ನಾನು ವರಸೆ ಬದಲಿಸಿದೆ. "ಆಯ್ತು, ತಗೊಳ್ಳೋಣ. ಆದ್ರೆ ಮನೇಲಿ ಎಲ್ಲರಿಗೂ. ಎಲ್ಲರೂ ಎಲ್ಲರಿಗೂ ಕಾಣಿಸ್ಲಿ."

ಅಪ್ಪ ಪೇಪರ್ ಮಡಚಿಟ್ಟರು. ನಮ್ಮ ಹೊಲವಿದ್ದ ಜಾಗದಲ್ಲಿ ಬಾಡಿಗೆ ಮನೆಗಳು ಎದ್ದ ಮೇಲೆ ಅವರ ಸಂಜೆಗಳೆಲ್ಲ ಸ್ನೇಹಿತರ ಜೊತೆ ಇಸ್ಪೀಟಿಗೆ ಮೀಸಲು.

"ನಾನೆಲ್ಲಿ ಹೋಗ್ತೀನಿ ಅಂತ ನೀನ್ಯಾಕೆ ನೋಡ್ಬೇಕು? ನಾನೇನು ಕಳ್ಳನಾ?"

"ಮತ್ತೆ ನಾನಾ, ಅಪ್ಪಾ?"

ಅಪ್ಪನ ಮುಖವನ್ನೇ ನೋಡುತ್ತಿದ್ದ ಅಮ್ಮ, ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಮೊದ್ಲು ಇವ್ರಿಗೇ ಒಂದು ಕಟ್ಟೇ. ಇಸ್ಪೀಟು ಯಾರ ಮನೇಲಿ ಅಂತಾದ್ರೂ ಗೊತ್ತಾಗ್ಲಿ."

ವಾಚಿನ ಮಾತು ಅಲ್ಲಿಗೇ ನಿಂತಿತು. ಮುಂದಿನ ತಿಂಗಳು ಕಮ್ಮನಹಳ್ಳಿ ಮುಖ್ಯರಸ್ತೆಯ ಅಂಗಡಿಯಲ್ಲಿ, ನನ್ನ ಸಂಬಳದಲ್ಲಿ, ನಾನೇ ಒಂದು ಕೊಂಡೆ. ಸೋತು ಕೊಂಡದ್ದಲ್ಲ. ಶಿವಾಜಿನಗರದಿಂದ ಹೊರಡುವ ತುಂಬಿದ ಬಸ್ಸಿನಲ್ಲಿ ಫೋನನ್ನು ಬ್ಯಾಗಿನ ತಳದಲ್ಲೇ ಬಿಟ್ಟು, ಯಾರು ಕರೆಯುತ್ತಿದ್ದಾರೆಂದು ನೋಡಿ, ಬೇಕೆನಿಸಿದರೆ ಮಾತಾಡಬಹುದು. ನನಗೆ ಆ ಕಾರಣ ಸಾಕು.

"ಮೇಡಂ, ಫ್ಯಾಮಿಲಿಗೆ ಲೊಕೇಶನ್ ಆನ್ ಮಾಡಿ ಕೊಡ್ಲಾ?" ಅಂಗಡಿಯವರು ಕೇಳಿದರು. "ಮನೇಲಿರೋರಿಗೊಂದು ಧೈರ್ಯ."

"ಆಫ್ ಇರ್ಲಿ ಬಿಡಿ."

ಈಗಲೂ ಶನಿವಾರ ಬಸ್ಸಿನಲ್ಲಿ ನಿಂತಿರುವಾಗ ಮಣಿಕಟ್ಟು ಅದುರುತ್ತದೆ. ಅಮ್ಮ. ಅವಳ ಹೆದರಿಕೆ ಎಲ್ಲೂ ಹೋಗಿಲ್ಲ, ಅದು ಸುಳ್ಳು ಎಂದು ನಾನು ಯಾವತ್ತೂ ವಾದಿಸಿಲ್ಲ. ಆದರೆ ಅವಳು ಕೇಳಬೇಕು. ಕೇಳಿದರೆ ಹೇಳುತ್ತೇನೆ.

"ಎಲ್ಲಿದ್ದೀಯೇ?"

ಪಕ್ಕದವರು ತಿರುಗಿ ನೋಡುತ್ತಾರೆ. ವಾಚನ್ನು ಬಾಯಿಯ ಹತ್ತಿರ ತರುತ್ತೇನೆ.

"ಬಾಣಸವಾಡಿ ದಾಟ್ತು. ಸಾರು ಬಿಸಿಗಿಡು."