ಉಪವಾಸ ಬಿಟ್ಟು ತೆಳ್ಳಗಾದ ಸಿದ್ದಲಿಂಗಪ್ಪ

ಹುಬ್ಬಳ್ಳಿಯ ದುರ್ಗದಬೈಲಿನ ಜವಳಿ ವ್ಯಾಪಾರಿ ಸಿದ್ದಲಿಂಗಪ್ಪನನ್ನು ಗಾದಿಯ ಮೇಲಿಂದ ಎಬ್ಬಿಸುವುದು ಸಾಮಾನ್ಯರ ಕೈಲಾಗುವ ಕೆಲಸವಾಗಿರಲಿಲ್ಲ. ಬೆಳಿಗ್ಗೆ ಬಂದು ಲೋಡಿಗೆ ಒರಗಿದರೆ ರಾತ್ರಿ ಅಂಗಡಿಯ ಬಾಗಿಲು ಹಾಕುವಾಗಲೇ ಏಳುವುದು. ಸೀರೆ ತೆಗೆಯಲು ಆಳುಗಳಿದ್ದರು, ಬಿಚ್ಚಿ ತೋರಿಸಲು ಆಳುಗಳಿದ್ದರು. ಇವನ ಪಾಲಿಗೆ ಉಳಿದದ್ದು ಮಾತು ಮತ್ತು ಚಹಾ. ಲಗ್ನದ ಜವಳಿಗೆಂದು ಬೀಗರು, ಸೋದರತ್ತೆಯರು, ಓಣಿಯ ಹಿರಿಯರು ಎಲ್ಲರೂ ಕೂಡಿ ಬರುತ್ತಾರೆ. ಅವರಿಗೆ ಚಹಾ ಕೊಟ್ಟು ತಾನು ಕುಡಿಯದೆ ಕೂತರೆ ಅವರೂ ಕಪ್ಪು ಮುಟ್ಟುವುದಿಲ್ಲ. ಹೀಗಾಗಿ ಬಂದವರೆಲ್ಲರ ಸಂಗಡ ಇವನಿಗೂ ಅರ್ಧರ್ಧ ಕಪ್ಪು. ಸಂಜೆಗೆ ಚುರಮುರಿಯ ಗಿರಮಿಟ್, ಅದಕ್ಕೆ ಬೇಸರವಾಗದಿರಲೆಂದು ಜೊತೆಗೆ ಮಿರ್ಚಿ ಭಜಿ. ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ ಎಂದು ಗಾದೆ ಕಟ್ಟಿದ ಪುಣ್ಯಾತ್ಮ ದುರ್ಗದಬೈಲಿಗೆ ಬಂದಂತೆ ಕಾಣುವುದಿಲ್ಲ. ಬಂದಿದ್ದರೆ ನಾಲ್ಕನೆಯ ಹೊತ್ತಿಗೂ ಐದನೆಯ ಹೊತ್ತಿಗೂ ಹೆಸರು ಹುಡುಕಬೇಕಾಗುತ್ತಿತ್ತು.

ಹುಟ್ಟುವಾಗಲೇ ಅವನು ಹೀಗಿರಲಿಲ್ಲ. ಮುಗದ ಎಂಬ ಹಳ್ಳಿಯ ಒಕ್ಕಲು ಮನೆತನದ ಹುಡುಗ, ಹೊಲದ ಬದುವಿನ ಮೇಲೆ ಓಡಿಯೇ ಬೆಳೆದವನು. ಇಪ್ಪತ್ತರ ವಯಸ್ಸಿನಲ್ಲಿ ಮಾವನ ಅಂಗಡಿಗೆ ಕೆಲಸಕ್ಕೆಂದು ಹುಬ್ಬಳ್ಳಿಗೆ ಬಂದ, ಕಸಬು ಕಲಿತ, ತನ್ನದೇ ಅಂಗಡಿ ಹಾಕಿದ. ಜಯಾಳನ್ನು ಮದುವೆಯಾದ. ಆಕೆಯ ಅಡುಗೆಯ ಕೈ ದೊಡ್ಡದು, ಇವನ ನಾಲಿಗೆ ಅದಕ್ಕಿಂತ ದೊಡ್ಡದು. ಮೂವತ್ತು ವರ್ಷ ಆಕೆ ಬಡಿಸಿದಳು, ಇವನು ಉಂಡ. ಸಂಸಾರವೆಂದರೆ ಇಷ್ಟೇ ಎಂದು ಅವನು ನೆಮ್ಮದಿಯಾಗಿದ್ದ.

ಆ ನೆಮ್ಮದಿಗೆ ಕಲ್ಲು ಬಿದ್ದದ್ದು ಜಯಾಳ ಎರಡೂ ಕಿಡ್ನಿ ಕೈಕೊಟ್ಟಾಗ. ವಾರಕ್ಕೆರಡು ಸಲ ಸತ್ತೂರಿನ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುವ ಹೆಂಗಸು ಮನೆಗೆ ಬಂದವಳೇ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಯಾರಾದರೂ ಒಂದು ಕಿಡ್ನಿ ಕೊಟ್ಟರೆ ಬದುಕು ಹಸನಾಗುತ್ತದೆ ಎಂದರು ಡಾಕ್ಟರು. ಮಗಳು ಆರತಿಯ ರಕ್ತ ಹೊಂದಲಿಲ್ಲ. ಜಯಾಳ ತಮ್ಮನಿಗೆ ಮೊದಲೇ ಸಕ್ಕರೆ ಕಾಯಿಲೆ. ಹೊಂದಿದ್ದು ಸಿದ್ದಲಿಂಗಪ್ಪನದೊಂದೇ. ನಂದು ತೆಗೆದುಕೊಳ್ಳಿ ಎಂದು ಅವನು ತಕ್ಷಣ ಹೇಳಿಬಿಟ್ಟ. ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ಸಂಕ್ರಾಂತಿ ಕಳೆದ ಮೇಲೆ ಕರೆದು ಕೂರಿಸಿಕೊಂಡರು. ಸಕ್ಕರೆ ಹೊಸ್ತಿಲ ಮೇಲೆ ನಿಂತಿದೆ, ಬಿ.ಪಿ. ಏರಿದೆ, ಯಕೃತ್ತಿನ ತುಂಬ ಕೊಬ್ಬು, ತೂಕದ ಮಾತಂತೂ ಕೇಳುವುದೇ ಬೇಡ.

“ನೀವು ಕೊಡಾಕ ತಯಾರದೀರಿ, ಖರೇ. ನಿಮ್ಮ ಮೈ ತಯಾರಿಲ್ಲರಿ. ಈಗ ಒಂದು ಕಿಡ್ನಿ ತಗದ್ರ, ನಾಳೆ ನಿಮಗೂ ಅವರ ಬಾಜೂಕ ಒಂದು ಮಂಚ ಹಾಕಬೇಕಾಗ್ತದ.”

ತೂಕ ಇಳಿಸಿ, ಸಕ್ಕರೆ ಹದಕ್ಕೆ ತನ್ನಿ, ಆಮೇಲೆ ನೋಡೋಣ, ಆದರೆ ಬಹಳ ತಡ ಮಾಡಬೇಡಿ ಎಂದೂ ಹೇಳಿದರು. ಸಿದ್ದಲಿಂಗಪ್ಪ ಹೊರಗೆ ಬಂದು ಬೆಂಚಿನ ಮೇಲೆ ಕೂತ. ಇಷ್ಟು ವರ್ಷ ತಾನು ತಿಂದ ಮಿರ್ಚಿಯೆಲ್ಲ ಸಾಲಾಗಿ ನಿಂತು ಹೆಂಡತಿಯ ದಾರಿಗೆ ಅಡ್ಡ ಬಂದಂತೆ ಅನಿಸಿತು. ಅವನಿಗೆ ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ಮನೆಯಲ್ಲಿ ವಿರೋಧವೂ ಇತ್ತು. ಅಕ್ಕ ಕಾಳವ್ವ ಮುಗದದಿಂದ ಬಂದು ಕೂತು, ದುಡಿಯುವ ಗಂಡಸು ಹೆಂಡತಿಗಾಗಿ ಹೊಟ್ಟೆ ಕೊಯ್ಯಿಸಿಕೊಂಡದ್ದನ್ನು ಎಲ್ಲಿಯೂ ಕೇಳಿಲ್ಲ ಎಂದು ಅತ್ತಳು. ಹೆಂಗಸರು ಗಂಡಂದಿರಿಗೆ ಕೊಟ್ಟದ್ದನ್ನು ಕೇಳಿದ್ದೀಯಲ್ಲ ಎಂದು ಸಿದ್ದಲಿಂಗಪ್ಪ ಕೇಳಿದ. ಮಾತಿನಲ್ಲಿ ಸೋತಾಗ ಕಾಳವ್ವ ಅಡುಗೆಮನೆಗೆ ಹೋಗುವವಳು. ಅಂದಿನಿಂದ ತಮ್ಮನ ಅಡುಗೆಯ ಹೊಣೆ ಆಕೆಯದಾಯಿತು.

ತೂಕ ಇಳಿಸಬೇಕೆಂದರೆ ಈ ಮನೆತನದವರಿಗೆ ಗೊತ್ತಿದ್ದ ದಾರಿ ಒಂದೇ, ಉಪವಾಸ. ಸೋಮವಾರದ್ದು ಹಿರಿಯರಿಂದ ಬಂದದ್ದು. ಅದಕ್ಕೆ ಗುರುವಾರ ಸೇರಿಸಿದ, ಶನಿವಾರ ಸೇರಿಸಿದ. ಅಷ್ಟಕ್ಕೂ ಸಮಾಧಾನವಾಗದೆ ಪಕ್ಕದ ಮನೆಯ ನಿವೃತ್ತ ಮಾಸ್ತರ ವೆಂಕಣ್ಣನವರ ಪಂಚಾಂಗ ನೋಡಿ ಅವರ ಏಕಾದಶಿಯನ್ನೂ ಎತ್ತಿಕೊಂಡ. ಅನ್ನ ಮುಟ್ಟಲಿಲ್ಲ, ರೊಟ್ಟಿ ಮುಟ್ಟಲಿಲ್ಲ. ಶಿವರಾತ್ರಿಗೆ ಹಗಲು ರಾತ್ರಿ ಎರಡೂ ಉಪವಾಸ. ತಮ್ಮ ಸೊರಗಿ ಹೋಗುತ್ತಾನೆಂದು ಕಾಳವ್ವ ಕಣ್ಣೀರು ಒರೆಸಿಕೊಳ್ಳುತ್ತಲೇ ಒಲೆಯ ಮುಂದೆ ನಿಲ್ಲುತ್ತಿದ್ದಳು.

ಶಿವರಾತ್ರಿ ಮುಗಿಸಿ ಎದೆಯುಬ್ಬಿಸಿಕೊಂಡು ಸತ್ತೂರಿಗೆ ಹೋಗಿ ತೂಕದ ಯಂತ್ರದ ಮೇಲೆ ನಿಂತರೆ, ಎರಡು ಕಿಲೊ ಏರಿತ್ತು. ಸಿದ್ದಲಿಂಗಪ್ಪ ಇಳಿದು ಚಪ್ಪಲಿ ಬಿಟ್ಟು ಮತ್ತೆ ಹತ್ತಿದ. ಯಂತ್ರ ಹಟ ಬಿಡಲಿಲ್ಲ. ಅಲ್ಲಿ ಆಹಾರದ ಸಲಹೆ ಕೊಡುವ ಋತುಜಾ ಎಂಬ ಹುಡುಗಿ ಅವನನ್ನು ಕೂರಿಸಿಕೊಂಡು, ಉಪವಾಸದ ದಿನ ಏನೇನು ಹೊಟ್ಟೆಗೆ ಹೋಗುತ್ತದೆ ಎಂದು ಮೆಲ್ಲಗೆ ಕೇಳಿದಳು. ಇವನು ಭಕ್ತಿಯಿಂದಲೇ ಹೇಳಿದ. ಬೆಳಿಗ್ಗೆ ತುಪ್ಪ ಬಿಟ್ಟ ಸಾಬೂದಾಣಿ ಖಿಚಡಿ, ಮಧ್ಯಾಹ್ನ ಬಟಾಟಿ ಪಲ್ಯ, ಆಗಾಗ ಶೇಂಗಾ ಉಂಡಿ, ಬಾಳೆಹಣ್ಣು, ರಾತ್ರಿ ಸಕ್ಕರೆ ಹಾಕಿದ ಗಟ್ಟಿ ಹಾಲು. ಪೇಡೆಯೂ ನಡೆಯುತ್ತದೆ, ಅದು ಹಾಲಿನದೇ ತಾನೆ.

“ಕಾಕಾ, ಇದು ಉಪವಾಸ ಅಲ್ಲರಿ, ಹಬ್ಬ.”

ಪಕ್ಕದಲ್ಲಿ ಕೂತಿದ್ದ ಜಯಾ ನಕ್ಕುಬಿಟ್ಟಳು. ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಾಗಲಿಲ್ಲ. ಕಾಯಿಲೆ ಬಿದ್ದ ಮೇಲೆ ಆಕೆ ನಕ್ಕದ್ದನ್ನು ಸಿದ್ದಲಿಂಗಪ್ಪ ನೋಡಿಯೇ ಇರಲಿಲ್ಲ. ಮಾನ ಹೋದರೆ ಹೋಯಿತು, ಈ ನಗೆ ಉಳಿಯಬೇಕು ಎಂದುಕೊಂಡ. ಅಂದೇ ಉಪವಾಸಗಳನ್ನೆಲ್ಲ ಬಿಟ್ಟ. ಸೋಮವಾರ ದೇವರಿಗೆ ಒಂದು ಬಿಲ್ವಪತ್ರೆ ಹೆಚ್ಚು ಏರಿಸಿ ಮಾಫಿ ಕೇಳಿಕೊಂಡ.

ಋತುಜಾ ಹೇಳಿಕೊಟ್ಟದ್ದರಲ್ಲಿ ಅವನಿಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಜೋಳದ ರೊಟ್ಟಿ, ಕಾಳುಪಲ್ಯ, ಪುಂಡಿಪಲ್ಯ, ಬದಿಗೆ ಹಸಿ ಮೆಂತ್ಯ ಸೊಪ್ಪು, ಮೂಲಂಗಿ, ಸೌತೆಕಾಯಿ, ಒಂದು ಬಟ್ಟಲು ಮಜ್ಜಿಗೆ. ಮುಗದದಲ್ಲಿ ಅವನ ಅವ್ವ ಬುತ್ತಿ ಕಟ್ಟುತ್ತಿದ್ದದ್ದೂ ಇದನ್ನೇ. ಗೊತ್ತಿಲ್ಲದ್ದು ಎಂದರೆ ಎರಡು ರೊಟ್ಟಿಗೆ ಕೈ ತೊಳೆಯುವುದು. ಮೊದಲ ವಾರ ಮೂರನೆಯ ರೊಟ್ಟಿಗಾಗಿ ಕೈ ತಾನೇ ಮುಂದೆ ಹೋಗುತ್ತಿತ್ತು. ಕಾಳವ್ವನ ಕೈಯೂ ತಾನೇ ಮುಂದೆ ಬರುತ್ತಿತ್ತು. ಜಯಾಳಿಗೆ ಉಪ್ಪು ಕಡಿಮೆ ಮಾಡಿದ್ದರಿಂದ ತಾನೂ ಕಡಿಮೆ ಮಾಡಿದ. ಚಪ್ಪೆ ಪಲ್ಯ ಬಾಯಿಗಿಟ್ಟ ಮೊದಲ ದಿನ, ಇದನ್ನೇ ಆಕೆ ಇಷ್ಟು ದಿನ ಮಾತಿಲ್ಲದೆ ಉಂಡಳಲ್ಲ ಎಂದುಕೊಂಡು ತಟ್ಟೆಯಲ್ಲಿದ್ದದ್ದನ್ನೆಲ್ಲ ಉಂಡು ಮುಗಿಸಿದ.

ಅಂಗಡಿಯಲ್ಲಿ ಗಾದಿ ಎತ್ತಿಸಿ ಮೂಲೆಗೆ ಹಾಕಿದ. ಸೀರೆ ತಾನೇ ತೆಗೆದ, ತಾನೇ ಮಡಚಿಟ್ಟ, ಅಟ್ಟಕ್ಕೂ ತಾನೇ ಹತ್ತಿದ. ಸಾಹುಕಾರರಿಗೆ ಏನಾಯಿತೆಂದು ಆಳುಗಳು ಗಾಬರಿಯಾದರು. ಬೆಳಿಗ್ಗೆ ವೆಂಕಣ್ಣನವರ ಜೋಡಿ ನೃಪತುಂಗ ಬೆಟ್ಟಕ್ಕೆ ನಡೆದ. ಮೊದಲ ದಿನ ಅರ್ಧಕ್ಕೇ ಉಸಿರು ಕಟ್ಟಿ ರಸ್ತೆಯ ಬದಿಯ ಕಲ್ಲಿನ ಮೇಲೆ ಕುಸಿದ. ಅವನಿಗಿಂತ ಹತ್ತು ವರ್ಷ ಹಿರಿಯರಾದ ಮಾಸ್ತರರು ಮೇಲೆ ಹೋಗಿ, ಹಾಡು ಗುನುಗುತ್ತ ಇಳಿದು ಬಂದು, ಇವನನ್ನು ಎಬ್ಬಿಸಿಕೊಂಡು ಮನೆಗೆ ಕರೆತಂದರು. ಕಾಲು ಬಾತವು, ಮೊಣಕಾಲು ನೊಂದವು. ಕೆಲವು ದಿನ ಹಾಸಿಗೆ ಬಿಟ್ಟು ಏಳಲು ಮನಸ್ಸೇ ಬರುತ್ತಿರಲಿಲ್ಲ. ಆಗ ಪಕ್ಕಕ್ಕೆ ಹೊರಳಿ ಜಯಾಳ ಕೈ ನೋಡುತ್ತಿದ್ದ. ಸೂಜಿ ಚುಚ್ಚಿ ಚುಚ್ಚಿ ಆ ಕೈ ಗಂಟುಗಂಟಾಗಿತ್ತು. ಎದ್ದು ಬೂಟು ಹಾಕಿಕೊಳ್ಳುತ್ತಿದ್ದ.

ಬೇಸಿಗೆ ಬಂತು, ಲಗ್ನಗಳು ಬಂದವು. ಜವಳಿ ಕೊಟ್ಟ ವ್ಯಾಪಾರಿಯನ್ನು ಊಟಕ್ಕೆ ಕರೆಯದ ಮನೆಯಿಲ್ಲ. ಕರೆದಲ್ಲಿ ಕೈ ಅಡ್ಡ ಹಿಡಿದರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಮುಗದದ ಜಮೀನುದಾರ ಬಸವಪ್ರಭುವಿನ ಮಗಳ ಮದುವೆಯಲ್ಲಿ ಸಿದ್ದಲಿಂಗಪ್ಪ ಸಿಕ್ಕಿಬಿದ್ದ. ಬಸವಪ್ರಭು ಖುದ್ದಾಗಿ ಹೋಳಿಗೆಯ ಬುಟ್ಟಿ ಹಿಡಿದು ಬಂದು, ಒಂದೇ ಒಂದು ಎಂದು ಎಲೆಗೆ ಹಾಕಲು ಬಗ್ಗಿದ. ಇವನು ಎರಡೂ ಅಂಗೈ ಎಲೆಯ ಮೇಲೆ ಚಾಚಿದ. ಬಡವರ ಮನೆಯ ಹೋಳಿಗೆ ಹುಬ್ಬಳ್ಳಿಯವರಿಗೆ ರುಚಿಸುವುದಿಲ್ಲವೇನೋ ಎಂದು ಬಸವಪ್ರಭು ಗಟ್ಟಿಯಾಗಿಯೇ ಅಂದ. ಸಾಲಿನವರೆಲ್ಲ ತಿರುಗಿ ನೋಡಿದರು.

ಅಲ್ಲಿಯವರೆಗೆ ಹೊರಗಿನವರಾರಿಗೂ ವಿಷಯ ತಿಳಿಸಿರಲಿಲ್ಲ. ಅಂದು ಬಾಯಿ ತೆರೆದ.

“ಹೆಂಡ್ತಿಗೆ ಕಿಡ್ನಿ ಕೊಡಾಂವ ಅದೇನಿ, ಪ್ರಭು. ಅದಕ್ಕ ಮೈ ಇಳಸಾಕತ್ತೇನಿ. ಈ ಹೋಳಿಗಿ ನಾ ತಿಂದ್ರ ಆಕಿ ಆರಾಮ ಆಗೂದು ಒಂದು ದಿವಸ ಮುಂದಕ್ಕ ಹೊಕ್ಕೈತಿ. ನೀವು ಸಿಟ್ಟಾದ್ರೂ ಅಡ್ಡಿಯಿಲ್ಲ.”

ಬಸವಪ್ರಭು ಬುಟ್ಟಿಯನ್ನು ಬೇರೆಯವರ ಕೈಗೆ ಕೊಟ್ಟ. ಅಡುಗೆಯವರಿಗೆ ಹೇಳಿ ರೊಟ್ಟಿ, ಬದನೆಕಾಯಿ ಪಲ್ಯ, ಕೋಸಂಬರಿ ತರಿಸಿ, ಇವನ ಪಕ್ಕದಲ್ಲಿ ತಾನೂ ಎಲೆ ಹಾಕಿಸಿಕೊಂಡು ಕೂತು ಅದನ್ನೇ ಉಂಡ. ಆಮೇಲೆ ಆ ಬೇಸಿಗೆಯಲ್ಲಿ ಸಿದ್ದಲಿಂಗಪ್ಪನಿಗೆ ಯಾರೂ ಹೋಳಿಗೆಯ ಒತ್ತಾಯ ಮಾಡಲಿಲ್ಲ. ಅಂಗಡಿಗೆ ಬಂದವರು ಚಹಾ ಬೇಡವೆಂದು ತಾವೇ ಹೇಳಿ, ಮನೆಯವರು ಹೇಗಿದ್ದಾರೆ ಎಂದು ವಿಚಾರಿಸಿದರು. ಊರ ಬಾಯಿ ಆಡಿಕೊಳ್ಳುವುದಕ್ಕಷ್ಟೇ ಅಲ್ಲ, ಕಾಯುವುದಕ್ಕೂ ಬರುತ್ತದೆಂದು ಅವನಿಗೆ ಆಗ ತಿಳಿಯಿತು.

ಮಳೆಗಾಲದಲ್ಲಿ ಛತ್ರಿ ಹಿಡಿದು ಬೆಟ್ಟ ಹತ್ತಿದ. ಶ್ರಾವಣದ ಹೊತ್ತಿಗೆ ಮಾಸ್ತರರು ಹಿಂದೆ ಬಿದ್ದು, ಸ್ವಲ್ಪ ನಿಧಾನ ನಡೆಯಪ್ಪ ಎನ್ನತೊಡಗಿದರು. ಅಂಗಿಗಳೆಲ್ಲ ಜೋಲಿದವು. ಜವಳಿ ವ್ಯಾಪಾರಿಯೇ ಹಳೆಯ ಅಂಗಿಯಲ್ಲಿ ಗಾಳಿಪಟದಂತೆ ಓಡಾಡುತ್ತಾನೆಂದು ದುರ್ಗದಬೈಲಿನಲ್ಲಿ ನಗೆಯಾಯಿತು. ಅವನಿಗೆ ಹೊಸ ಅಂಗಿ ಹೊಲಿಸುವ ವ್ಯವಧಾನ ಎಲ್ಲಿತ್ತು.

ದಸರೆಗೆ ಮತ್ತೆ ಪರೀಕ್ಷೆಗಳಾದವು. ಸಕ್ಕರೆ ಹೊಸ್ತಿಲಿಂದ ಹಿಂದೆ ಸರಿದಿತ್ತು, ಯಕೃತ್ತು ಹಗುರಾಗಿತ್ತು, ಬಿ.ಪಿ. ಇಳಿದಿತ್ತು. ಡಾಕ್ಟರು ಕಾಗದಗಳನ್ನು ತಿರುವಿ ಹಾಕಿ ನೋಡಿ, ಎದ್ದು ನಿಂತು ಅವನ ಕೈ ಕುಲುಕಿದರು. ದೀಪಾವಳಿಗೆ ಮೊದಲೇ ಆಪರೇಷನ್ ಎಂದು ನಿಶ್ಚಯವಾಯಿತು. ಸಿದ್ದಲಿಂಗಪ್ಪನಿಗೆ ಅಲ್ಲೇ ಕುಣಿಯಬೇಕೆನಿಸಿತು. ಈಗ ಕುಣಿಯುವ ಮೈಯೂ ಇತ್ತು.

ಹೆದರಿದವಳು ಜಯಾ. ಹಿಂದಿನ ದಿನ ಆಸ್ಪತ್ರೆಯ ಮಂಚದ ಮೇಲೆ ಕೂತು, ನನ್ನ ಸಲುವಾಗಿ ನಿಮಗೇನಾದರೂ ಆದರೆ ಎಂದು ಅತ್ತಳು. ಅವನು ಆ ಗಂಟುಬಿದ್ದ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡ.

“ಇಷ್ಟು ವರ್ಷ ನೀ ಕೊಟ್ಟದ್ದು ಉಂಡೇನಿ. ಒಮ್ಮೆ ನಾ ಕೊಟ್ಟದ್ದು ನೀ ಇಟ್ಕೊ.”

ಆಪರೇಷನ್ ಸಸೂತ್ರವಾಗಿ ಮುಗಿಯಿತು. ಕಿಡ್ನಿ ಕೂರಿಸಿದ ಸ್ವಲ್ಪ ಹೊತ್ತಿನಲ್ಲೇ ಕೆಲಸಕ್ಕೆ ಹತ್ತಿತೆಂದು ಡಾಕ್ಟರು ಬಂದು ಹೇಳಿದಾಗ, ಕಾಳವ್ವ ಡಾಕ್ಟರ ಕೈ ಹಿಡಿದು ಹಣೆಗೊತ್ತಿಕೊಂಡಳು. ನಾಲ್ಕು ದಿನದ ಮೇಲೆ ಸಿದ್ದಲಿಂಗಪ್ಪ ಹೊಟ್ಟೆಗೆ ಕೈ ಆನಿಸಿಕೊಂಡು, ಆರತಿಯ ಹೆಗಲು ಹಿಡಿದು, ಜಯಾಳನ್ನು ಪ್ರತ್ಯೇಕವಾಗಿ ಇರಿಸಿದ್ದ ಕೋಣೆಯ ಗಾಜಿನ ಈಚೆ ಬಂದು ನಿಂತ.

ಒಳಗೆ ನರ್ಸ್ ಆಕೆಯ ಕೈಗೆ ದೊಡ್ಡ ಲೋಟದ ತುಂಬ ನೀರು ಕೊಟ್ಟು, ಎಲ್ಲವನ್ನೂ ಕುಡಿಯಿರಿ, ಮೇಲೆ ಮತ್ತೆ ಕುಡಿಯಿರಿ ಎಂದಳು. ಜಯಾ ನಂಬದೆ ಆಕೆಯ ಮುಖ ನೋಡಿದಳು. ಡಯಾಲಿಸಿಸ್ ಶುರುವಾದಾಗಿನಿಂದ ಆಕೆಗೆ ನೀರೆಂದರೆ ಅಳೆದು ಕೊಟ್ಟ ಗುಟುಕು. ಬೇಸಿಗೆಯಲ್ಲೂ ಬರಿ ನಾಲಿಗೆ ಒದ್ದೆ ಮಾಡಿಕೊಂಡು ದಿನ ಕಳೆದವಳು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ಗಟಗಟ ಕುಡಿದಳು. ನೀರು ಗಲ್ಲದ ಮೇಲೆ ಇಳಿಯಿತು, ಒರೆಸಿಕೊಳ್ಳಲಿಲ್ಲ. ಮುಗಿಸಿ ಇನ್ನೊಂದು ಬೇಕೆಂದು ಲೋಟ ಚಾಚಿದಳು. ಸಾವಿರ ಪಂಕ್ತಿಗಳಲ್ಲಿ ಕೂತು ಎದ್ದಿದ್ದ ಸಿದ್ದಲಿಂಗಪ್ಪ, ಇಷ್ಟು ರುಚಿಯಾಗಿ ಯಾರೂ ಏನನ್ನೂ ತೆಗೆದುಕೊಂಡದ್ದನ್ನು ಕಂಡಿರಲಿಲ್ಲ. ಅವನಿಗೆ ಅಳು ಬಂತು, ಅತ್ತರೆ ಹೊಲಿಗೆ ನೋಯುತ್ತಿತ್ತು, ಆದರೂ ಅತ್ತ.

ಆಗ ಜಯಾ ಗಾಜಿನಾಚೆ ನಿಂತ ಗಂಡನನ್ನು ಕಂಡಳು. ನರ್ಸ್ ಕೈಯಿಂದ ಫೋನು ಇಸಿದುಕೊಂಡು ಆರತಿಯ ಫೋನಿಗೆ ಹಚ್ಚಿದಳು. ದನಿ ಸಣ್ಣದಾಗಿತ್ತು, ಆದರೆ ಅದು ಮೂವತ್ತು ವರ್ಷ ಮನೆ ಆಳಿದ ದನಿ.

“ನೀರು ಭಾಳ ಸಿಹಿ ಅದಾವ್ರಿ. ನೀವೂ ಒಂದು ಲೋಟ ಕುಡೀರಿ, ನಾ ನೋಡ್ತೇನಿ.”

ಆರತಿ ಓಡಿ ಹೋಗಿ ನೀರು ತಂದಳು. ಜಯಾ ನೋಡುತ್ತಿದ್ದಂತೆ ಅವನು ಒಂದು ಹನಿಯೂ ಬಿಡದೆ ಕುಡಿದ.