ಟಿಕೆಟಿಗೂ ಓಟು ಹಾಕುವ ಊರು

ಹಲ್ವಾ ಮೊದಲು ಬಂತು, ಸುದ್ದಿ ಆಮೇಲೆ. ಈ ಒಂದು ಮಾತನ್ನು ಮಾತ್ರ ಆಣೆ ಮಾಡಿ ಹೇಳಬಲ್ಲೆ. ಉಳಿದದ್ದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಒಪ್ಪವಾಗಿ ಜೋಡಿಸಿಕೊಂಡದ್ದು ಎಂದು ಬಿಡಿಸಲು ಹೊರಟರೆ ಕೈಗೆ ಅಂಟುತ್ತದೆ, ಹಲ್ವಾದ ಹಾಗೆಯೇ.

ಜೂನ್ ತಿಂಗಳ ಒಂದು ಬುಧವಾರ, ಬೆಳಿಗ್ಗೆ ಆರು ದಾಟಿತ್ತು. ಬಹ್ರೇನಿನ ಉಮ್ ಅಲ್ ಹಸ್ಸಮ್‌ನಲ್ಲಿ ನಮ್ಮ ಕಟ್ಟಡದ ಕೆಳಗೆ, ಇಲ್ಲಿನವರು ಕೋಲ್ಡ್ ಸ್ಟೋರ್ ಎನ್ನುವ ದಿನಸಿ ಅಂಗಡಿಯ ಮುಂದೆ ಕಂಪೆನಿಯ ಕಾರು ನಿಂತಿತ್ತು. ಅವಾಲಿಯ ಆಫೀಸಿಗೆ ನಾವು ನಾಲ್ವರು ದಿನವೂ ಅದರಲ್ಲೇ ಹೋಗುವವರು. ಓಡಿಸುವವರು ಇಚ್ಚ. ಬ್ಯಾರಿ ಭಾಷೆಯಲ್ಲಿ ಹಾಗೆಂದರೆ ಅಣ್ಣ. ಆ ಭಾಷೆ ಬಾರದ ನಾವೂ ಅವರನ್ನು ಹಾಗೆಯೇ ಕರೆಯುತ್ತೇವೆ. ಪಕ್ಕದ ಸೀಟು ಸ್ಟೋರ್ಸ್ ಮ್ಯಾನೇಜರದು. ಉಡುಪಿ ಕಡೆಯವರು, ಮನೆಯಲ್ಲಿ ತುಳು, ಆಫೀಸಿನಲ್ಲಿ ಡ್ರೈವರುಗಳ ರಜೆಯ ಪಟ್ಟಿ ಅವರ ಕೈಯಲ್ಲಿ. ಹಿಂದಿನ ಸೀಟಿನಲ್ಲಿ ನಾನು, ಡ್ರಾಯಿಂಗುಗಳಿಗೂ ಕಾಗದಗಳಿಗೂ ನಂಬರು ಹಾಕಿ ಫೈಲು ಮಾಡುವವಳು. ನನ್ನ ಬದಿಗೆ ಬೆಂಗಳೂರಿನ ಎಂಜಿನಿಯರ್ ಹುಡುಗಿ.

ಆ ದಿನ ಇಚ್ಚ ಸ್ಟೀರಿಂಗಿನ ಹಿಂದೆ ಇರಲಿಲ್ಲ. ಬಾನೆಟ್ಟಿನ ಮೇಲೆ ಪೇಪರು ಹಾಸಿ, ನಾಲ್ಕು ಲೋಟ ಕರಕ್ ಚಾ ಇಟ್ಟು, ಮುಹರಕ್ ಪೇಟೆಯ ಕೇಸರಿ ಹಲ್ವಾದ ಡಬ್ಬಿ ಬಿಚ್ಚಿ ನಿಂತಿದ್ದರು. ಬಿಸಿಲು ಆಗಲೇ ಕಣ್ಣಿಗೆ ಹೊಡೆಯುತ್ತಿತ್ತು.

“ಮಬ್ರೂಕ್, ಎಲ್ಲರಿಗೂ ಮಬ್ರೂಕ್,” ಎಂದು ಅರಬಿಯಲ್ಲಿ ಅಭಿನಂದನೆ ಹೇಳಿದರು.

“ಎಂತ ಇಚ್ಚ, ಮಗಳಿಗೆ ಸಂಬಂಧ ಕೂಡಿಬಂತಾ?” ಮ್ಯಾನೇಜರು ಆಗಲೇ ಒಂದು ಚಮಚ ಬಾಯಿಗೆ ಹಾಕಿಕೊಂಡಿದ್ದರು.

“ಮಗಳದ್ದಲ್ಲ ಮಾರಾಯ್ರೆ. ನ್ಯೂಯಾರ್ಕಿಗೆ ನಮ್ಮವ ಮೇಯರ್ ಆದ.”

ಹಲ್ವಾ ಹಿಂದಿನ ಸಂಜೆಯೇ ತಂದಿಟ್ಟದ್ದಂತೆ. ಗೆಲ್ಲದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. “ಗೆಲ್ಲದಿದ್ರೆ ನಾನೊಬ್ಬನೇ ತಿನ್ನುವುದು, ತಂಗೀ. ಬೇಜಾರಿಗೂ ಹಲ್ವಾ ಒಳ್ಳೇದು.”

ಎಂಜಿನಿಯರ್ ಹುಡುಗಿ ಫೋನಿನಿಂದ ತಲೆಯೆತ್ತಿದಳು. “ಅಯ್ಯೋ ಇಚ್ಚ, ಇನ್ನೂ ಮೇಯರ್ ಆಗಿಲ್ಲ! ಇದು ಪ್ರೈಮರಿ ಅಷ್ಟೇ. ಪಾರ್ಟಿ ಕ್ಯಾಂಡಿಡೇಟ್ ಯಾರು ಅಂತ ಡಿಸೈಡ್ ಮಾಡೋದು. ಮೇಯರ್ ಎಲೆಕ್ಷನ್ ನವೆಂಬರ್‌ನಲ್ಲಿ.”

ಮ್ಯಾನೇಜರಿಗೆ ನಗು ತಡೆಯಲಾಗಲಿಲ್ಲ. “ಅಂದ್ರೆ ಸಿಕ್ಕಿದ್ದು ಟಿಕೆಟ್ ಮಾತ್ರ! ಟಿಕೆಟ್ ಸಿಕ್ಕಿದ್ದಕ್ಕೆ ಬಹ್ರೇನಿನಲ್ಲಿ ಹಲ್ವಾ ಹಂಚಿದ್ದು ನೀವೊಬ್ರೇ ಇರಬೇಕು.”

“ನಮ್ಮಲ್ಲಿ ಟಿಕೆಟ್ ಸಿಕ್ಕಿದ್ದಕ್ಕೆ ಪಟಾಕಿ ಹೊಡೆಯುದಿಲ್ವಾ? ಹಲ್ವಾ ಆದ್ರೆ ಶಬ್ದವಾದ್ರೂ ಇಲ್ಲ,” ಎಂದರು ಇಚ್ಚ, ಒಂದಿಷ್ಟೂ ನಾಚಿಕೆಯಿಲ್ಲದೆ. “ಮೇಯರ್ ಆದಾಗ ಇದಕ್ಕಿಂತ ದೊಡ್ಡ ಡಬ್ಬಿ ತರ್ತೇನೆ. ಅದಿರಲಿ, ಅಲ್ಲಿ ಟಿಕೆಟ್ ಕೊಡುವುದು ಯಾರು? ಡೆಲ್ಲಿ ಇದ್ದ ಹಾಗೆ ಎಂತಾದ್ರೂ ಉಂಟಾ?”

“ಯಾರೂ ಕೊಡಲ್ಲ. ಜನಾನೇ ವೋಟ್ ಹಾಕಿ ಡಿಸೈಡ್ ಮಾಡ್ತಾರೆ.”

“ಟಿಕೆಟಿಗೂ ಓಟಾ?”

ಈ ಪ್ರಶ್ನೆಯನ್ನು ಕೇಳಿದವರು ಯಾರು ಎಂಬುದಕ್ಕೆ ನನ್ನ ತಲೆಯಲ್ಲಿ ಮೂವರು ಅಭ್ಯರ್ಥಿಗಳಿದ್ದಾರೆ. ಮೊದಲ ನೆನಪಿನಲ್ಲಿ ಕೇಳುವವರು ಇಚ್ಚ. ಲೋಟ ತುಟಿಯ ಹತ್ತಿರವೇ ನಿಂತುಬಿಟ್ಟಿದೆ. ಎರಡನೆಯದರಲ್ಲಿ ಮ್ಯಾನೇಜರು, ಗೇಲಿಯ ದನಿಯಲ್ಲಿ. ಮೂರನೆಯದರಲ್ಲಿ ನಾನೇ. ನನ್ನನ್ನು ಈಗಲೇ ಕಣದಿಂದ ತೆಗೆಯುತ್ತೇನೆ; ಬೆಳಗಿನ ಹೊತ್ತು ನಾನು ಅಷ್ಟು ಚುರುಕಾಗಿರುವವಳಲ್ಲ. ನನಗೆ ಬಿದ್ದಿದ್ದ ಓಟು ಇಚ್ಚನಿಗೆ ಹೋಗಲಿ. ನ್ಯೂಯಾರ್ಕಿನವರು ಆ ಚುನಾವಣೆಯನ್ನು ಎಣಿಸುವುದೂ ಹೀಗೆಯೇ ಎಂದು ಹುಡುಗಿ ಆಮೇಲೆ ಕಾರಿನಲ್ಲಿ ವಿವರಿಸಿದಳು. ಒಬ್ಬರದೇ ಅಲ್ಲ, ಐದು ಹೆಸರುಗಳನ್ನು ಇಷ್ಟದ ಕ್ರಮದಲ್ಲಿ ಬರೆಯಬಹುದು. ಮೊದಲ ಇಷ್ಟದವನು ಹಿಂದೆ ಬಿದ್ದು ಹೊರಗೆ ಹೋದರೆ ಆ ಓಟು ಎರಡನೆಯವನಿಗೆ.

“ಅಷ್ಟು ಸುಲಭಕ್ಕೆ ಓಟು ಹಾಳಾಗ್ಲಿಕ್ಕೆ ಬಿಡುದಿಲ್ಲ ಅಂತ ಆಯ್ತು,” ಎಂದರು ಇಚ್ಚ. ಅದನ್ನು ಅವರೇ ಹೇಳಿದ್ದು, ಸಂಶಯವಿಲ್ಲ. ಯಾಕೆಂದರೆ ಹೇಳುವಾಗ ಗೇರಿನ ಮೇಲಿದ್ದ ಕೈ ಎತ್ತಿ ಎದೆಗೆ ಮುಟ್ಟಿಸಿಕೊಂಡರು.

ಮ್ಯಾನೇಜರು ಬಿಡಬೇಕಲ್ಲ. “ಅಲ್ಲ ಇಚ್ಚ, ನಮ್ಮವ ನಮ್ಮವ ಅಂತೀರಿ. ನಿಮ್ಮ ಉಳ್ಳಾಲದವನಾ ಅವ? ಹೆಸರು ನಿಮ್ಮವರ ಹಾಗೆ ಉಂಟು ಅಂತ ಅಲ್ವಾ?”

“ಹೆಸರು ಕೇಳಿ ಖುಷಿ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅದಲ್ಲ ಮ್ಯಾನೇಜ್ರೇ.” ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅವರು ತಮ್ಮ ಫೋನನ್ನು ಹಿಂದಕ್ಕೆ, ನಮ್ಮ ಕೈಗೆ ಕೊಟ್ಟರು. ಒಂದು ಚಿಕ್ಕ ವಿಡಿಯೊ. ನ್ಯೂಯಾರ್ಕಿನ ಯಾವುದೋ ಶಾಲೆಯ ಬಾಗಿಲಿನಿಂದ ಟ್ಯಾಕ್ಸಿ ಓಡಿಸುವವನೊಬ್ಬ ಹೊರಗೆ ಬರುತ್ತಾನೆ. ಬಿಳಿಗಡ್ಡ, ಸವೆದ ಚಪ್ಪಲಿ. ಅಂಗಿಯ ಮೇಲೆ ಓಟು ಹಾಕಿದೆ ಎಂಬ ಸ್ಟಿಕ್ಕರನ್ನು ಅಂಟಿಸಿಕೊಂಡು ಅದರ ಮೇಲೆ ಎರಡು ಸಲ ಕೈಯಾಡಿಸುತ್ತಾನೆ. ಅಷ್ಟೇ.

“ಮೇಯರ್ ಅವನಷ್ಟಕ್ಕೆ ಇರಲಿ. ಈ ಮನುಷ್ಯನನ್ನು ನೋಡಿ. ಕಾರು ಓಡಿಸುವವ. ನಾನು ಇಲ್ಲಿಗೆ ಬಂದ ಹಾಗೇ ಅವನೂ ಎಲ್ಲಿಂದಲೋ ಅಲ್ಲಿಗೆ ಬಂದವ. ಅವನ ಹತ್ತಿರ ಟಿಕೆಟಿಗೂ ಕೇಳ್ತಾರೆ, ಮೇಯರಿಗೂ ಕೇಳ್ತಾರೆ. ನನಗೆ ಐವತ್ತನಾಲ್ಕು ಆಯ್ತು. ಒಂದು ಓಟು ಹಾಕ್ಲಿಲ್ಲ. ಎಲ್ಲಿಯೂ.”

ಹಸಿರು ದೀಪ ಬಂದು, ಹಿಂದಿನವನು ಹಾರ್ನ್ ಹೊಡೆದ.

ಹತ್ತೊಂಬತ್ತಕ್ಕೆ ಪಾಸ್‌ಪೋರ್ಟ್ ಮಾಡಿಸಿ ಬಂದವರು ಇಚ್ಚ. ಡ್ರೈವರುಗಳ ರಜೆ ವರ್ಷದ ಆರಂಭದಲ್ಲೇ ಪಟ್ಟಿಯಾಗುತ್ತದೆ; ಚುನಾವಣೆಯ ದಿನ ತಿಳಿಯುವುದು ತಿಂಗಳೋ ಒಂದೂವರೆ ತಿಂಗಳೋ ಮೊದಲು. ಎರಡೂ ಎಂದೂ ಕೂಡಿಬರಲಿಲ್ಲ. ಒಮ್ಮೆ ಮಾತ್ರ ಅದೃಷ್ಟಕ್ಕೆ ಒಂದೇ ವಾರದಲ್ಲಿ ಬಿದ್ದವು. ಇಸ್ತ್ರಿ ಮಾಡಿದ ಅಂಗಿ ಹಾಕಿ, ಶಾಲೆಯ ಜಗಲಿಯಲ್ಲಿ ಕ್ಯೂ ನಿಂತು ಒಳಗೆ ಹೋದರೆ ಪಟ್ಟಿಯಲ್ಲಿ ಹೆಸರಿಲ್ಲ. ಇವರು ಗಲ್ಫಿನಲ್ಲಿದ್ದಾರೆ ಎಂದು ಯಾರೋ ಹೇಳಿ ತೆಗೆಸಿದ್ದರಂತೆ. “ಅವರು ಹೇಳಿದ್ದು ಸುಳ್ಳೇನೂ ಅಲ್ಲವಲ್ಲ,” ಎಂದು ಇಚ್ಚ ನಕ್ಕರು.

ನಾನು ಓಟು ಹಾಕಿದ್ದೇನೆ. ಹಾಕಿದ್ದಕ್ಕೆ ಸಾಕ್ಷಿಯೂ ಇದೆ: ನನ್ನ ಮದುವೆಯ ಒಂದು ಫೋಟೋದಲ್ಲಿ ಮದರಂಗಿಯ ನಡುವೆ ಎಡಗೈಯ ತೋರುಬೆರಳ ಉಗುರು ಕಪ್ಪಾಗಿದೆ. ಯಾರಿಗೆ ಹಾಕಿದೆ ಎಂದು ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ. ಇಚ್ಚನಿಗಾದರೋ ತಾನು ಹಾಕಲಾಗದೇ ಹೋದ ಪ್ರತಿಯೊಂದು ಓಟೂ ನೆನಪಿದೆ. ಯಾವ ವರ್ಷ, ಯಾರು ನಿಂತಿದ್ದರು, ತಾನು ಎಲ್ಲಿ ಯಾವ ಗಾಡಿ ಓಡಿಸುತ್ತಿದ್ದೆ, ಎಲ್ಲ. ಆ ದಿನ ಅವಾಲಿಯ ಮರಗಳು ಕಾಣುವವರೆಗೂ ಹೇಳುತ್ತಲೇ ಇದ್ದರು. ಒಂದರಲ್ಲೂ ದೂರಿನ ದನಿ ಇರಲಿಲ್ಲ. ನನಗೆ ಅವರ ಮೇಲೆ ಗೌರವ ಮೂಡಿದ್ದು ಅಲ್ಲಿ ಎಂದು ಬರೆಯಲು ಕೈ ಹೋಗುತ್ತದೆ. ಆದರೆ ಗೌರವ ಹಾಗೆ ಒಂದು ತಿರುವಿನಲ್ಲಿ ಹತ್ತುವ ಪ್ರಯಾಣಿಕನಲ್ಲ. ಮೊದಲೇ ಕಾರಿನೊಳಗೆ ಕೂತಿದ್ದಿರಬಹುದು.

ಮರುದಿನ ಗುರುವಾರ, ನಮ್ಮ ವಾರದ ಕೊನೆಯ ಕೆಲಸದ ದಿನ. ಅಂದು ದಾರಿಯಲ್ಲಿ ತಿಂಡಿಗೆ ನಿಲ್ಲಿಸುವುದು ರೂಢಿ. ಎಲ್ಲಿ ನಿಲ್ಲಿಸಬೇಕೆಂದು ಯಾವಾಗಲೂ ಮುಂದಿನ ಸೀಟಿನವರೇ ತೀರ್ಮಾನಿಸುತ್ತಿದ್ದರು. ಕಾರು ಹೊರಡುವ ಮೊದಲೇ ಹುಡುಗಿ ಅದನ್ನು ಮುರಿದಳು. ರದ್ದಾದ ಡ್ರಾಯಿಂಗಿನ ಹಿಂಬದಿಯಿಂದ ನಾಲ್ಕು ಚೀಟಿ ಹರಿದು, “ಇವತ್ತು ನ್ಯೂಯಾರ್ಕ್ ಸ್ಟೈಲ್. ಇಡ್ಲಿ, ಪುಟ್ಟು-ಕಡಲೆ, ಬಹ್ರೇನಿ ಬೇಕರಿ ರೊಟ್ಟಿ. ಒಂದು, ಎರಡು, ಮೂರು ಅಂತ ಆರ್ಡರ್ ಬರೀರಿ,” ಎಂದು ಹಂಚಿದಳು.

“ಹೈಕಮಾಂಡಿಗೇ ಓಟು ಹಾಕಿಸ್ತೀಯಾ?” ಎಂದು ಗೊಣಗುತ್ತ ಮ್ಯಾನೇಜರು ಎಲ್ಲರಿಗೂ ಕಾಣುವ ಹಾಗೆ ಇಡ್ಲಿ ಎಂದು ಬರೆದರು. ಇಚ್ಚ ಮಾತ್ರ ಚೀಟಿ ಹಿಡಿದು ಕಾರಿನಿಂದ ಇಳಿದರು. ಬಾನೆಟ್ಟಿನ ಮೇಲೆ ಇಟ್ಟು, ನಮಗೆ ಬೆನ್ನು ಹಾಕಿ, ಎಡಗೈಯನ್ನು ಗೋಡೆಯ ಹಾಗೆ ಅಡ್ಡ ಹಿಡಿದು ಬರೆದರು. ಆಮೇಲೆ ಮಡಚಿದರು, ಮತ್ತೆ ಮಡಚಿದರು. ಅದು ಉಗುರಿನಷ್ಟು ಆಯಿತು.

“ನಾಲ್ಕು ಜನ ಇದ್ದೇವೆ ಇಚ್ಚ, ಯಾರದು ಯಾವುದು ಅಂತ ಗೊತ್ತಾಗ್ತದೆ,” ಎಂದೆ.

“ಗೊತ್ತಾಗ್ಲಿ ತಂಗೀ. ನಾನು ತೋರಿಸ್ಲಿಲ್ಲ, ಅಷ್ಟೇ.”

ಅಂದು ಗೆದ್ದದ್ದು ಪುಟ್ಟು ಎಂದು ನನ್ನ ನೆನಪು. ರೊಟ್ಟಿ ಎಂದು ಹುಡುಗಿ ಇವತ್ತಿಗೂ ವಾದಿಸುತ್ತಾಳೆ. ಮರುಎಣಿಕೆ ಬೇಕೆಂದು ಮ್ಯಾನೇಜರು ಗಲಾಟೆ ಮಾಡಿದ್ದನ್ನು ಇಬ್ಬರೂ ಒಪ್ಪುತ್ತೇವೆ.

ತಿನ್ನುತ್ತಿರುವಾಗ ಹುಡುಗಿಯೇ ವಿಷಯ ತೆಗೆದಳು. “ಇಚ್ಚ, ಹೊರದೇಶದಲ್ಲಿ ಇರೋರಿಗೆ ವೋಟರ್ ಲಿಸ್ಟಲ್ಲಿ ಸೆಪರೇಟ್ ಜಾಗ ಇದೆ ಗೊತ್ತಾ? ಆನ್‌ಲೈನ್ ಫಾರ್ಮ್. ನಾನೇ ಮಾಡ್ಕೊಡ್ತೀನಿ.”

“ಫಾರ್ಮ್ ಮಾಡಬಹುದು,” ಎಂದರು ಮ್ಯಾನೇಜರು. “ಓಟು ಇಲ್ಲಿಂದ ಹಾಕ್ಲಿಕ್ಕೆ ಆಗುದಿಲ್ಲ. ಪಾಸ್‌ಪೋರ್ಟ್ ಹಿಡ್ಕೊಂಡು ಊರಿಗೇ ಹೋಗಬೇಕು. ಆವಾಗ ಇಜಾಜ ಯಾರು ಕೊಡುವುದು?” ರಜೆಗೆ ಇಲ್ಲಿ ಎಲ್ಲರ ಬಾಯಲ್ಲೂ ಇಜಾಜವೇ.

“ನೀವೇ,” ಎಂದರು ಇಚ್ಚ.

ಮ್ಯಾನೇಜರು ಚಾ ಇನ್ನೊಂದು ಬೇಕೆಂದು ಕೈಯೆತ್ತಿದರು.

ಫಾರ್ಮನ್ನು ಊಟದ ಬಿಡುವಿನಲ್ಲಿ ತುಂಬಿದೆವು. ಪಾಸ್‌ಪೋರ್ಟಿನ ಪುಟಗಳನ್ನು ಸ್ಕ್ಯಾನ್ ಮಾಡಿದ್ದು ನಾನು. ಫೋಟೋ ಸರಿಬರಲಿಲ್ಲವೆಂದು ಇಚ್ಚ ಅದೇ ಬಿಡುವಿನಲ್ಲಿ ಕಾರಿನ ಡಿಕ್ಕಿಯಿಂದ ಬಿಳಿ ಅಂಗಿ ತೆಗೆದು ಹಾಕಿಕೊಂಡು ಬಂದರು. ಅಂದರೆ ಆ ಅಂಗಿ ಎಷ್ಟು ದಿನದಿಂದಲೋ ಅಲ್ಲಿ ಕಾಯುತ್ತಿತ್ತು. ಊರಿನಲ್ಲಿ ಇಲ್ಲದಿರುವುದಕ್ಕೆ ಕಾರಣ ಏನು ಎಂಬ ಕಾಲಮ್ಮು ಬಂತು. ಉದ್ಯೋಗ, ಶಿಕ್ಷಣ, ಇತರೆ. “ಉದ್ಯೋಗ,” ಎಂದು ಒತ್ತಿ ಹೇಳಿದರು, ಯಾರೋ ಅನುಮಾನಪಟ್ಟ ಹಾಗೆ.

ಎರಡೋ ಮೂರೋ ತಿಂಗಳು ಸುದ್ದಿಯಿರಲಿಲ್ಲ. ಒಂದು ದಿನ ಅವಾಲಿಯಿಂದ ವಾಪಸು ಬರುವಾಗ ಇಚ್ಚನಿಗೆ ಮನೆಯಿಂದ ಫೋನ್ ಬಂತು. ಬದಿಗೆ ನಿಲ್ಲಿಸಿ ಬ್ಯಾರಿಯಲ್ಲಿ ಮಾತಾಡಿದರು. ಇಟ್ಟ ಮೇಲೆ ನಮಗೆ ಹೇಳಿದರು: “ಅಂಗನವಾಡಿ ಟೀಚರ್ ಓಟಿನ ಪಟ್ಟಿಯ ವಿಚಾರಣೆಗೆ ಮನೆಗೆ ಬಂದಿದ್ರಂತೆ. ಇವರು ಅಷ್ಟು ದೂರದಿಂದ ಓಟಿಗೆ ಬರ್ತಾರಾ, ಅಲ್ಲ ಸುಮ್ಮನೆ ಹೆಸರು ಹಾಕಿಸುದಾ ಅಂತ ಕೇಳಿದ್ರಂತೆ.”

“ನಿಮ್ಮ ಹೆಂಡ್ತಿ ಎಂತ ಹೇಳಿದ್ರು?” ಕೇಳಿದವರು ಮ್ಯಾನೇಜರು.

“ಬರ್ತಾರೆ ಅಂದಳಂತೆ.” ಕಾರು ಮತ್ತೆ ರಸ್ತೆಗೆ ಬಂತು. ಎಣ್ಣೆಯ ಪೈಪುಗಳು ನಮ್ಮ ಜೊತೆಗೇ ಓಡುತ್ತಿದ್ದವು. ತುಂಬ ಹೊತ್ತಿನ ಮೇಲೆ ಇಚ್ಚ ಮತ್ತೆ ಹೇಳಿದರು. “ನನ್ನ ಹತ್ತಿರ ಒಂದು ಮಾತು ಕೇಳದೆ ಹೇಳಿಬಿಟ್ಟಿದ್ದಾಳೆ. ಬರ್ತಾರೆ ಅಂತ.”

ಪಟ್ಟಿ ಬಂದಾಗ ಹುಡುಗಿ ಫೋನಿನಲ್ಲಿ ಹಿಗ್ಗಿಸಿ ತೋರಿಸಿದಳು. ಅವರ ಮತಗಟ್ಟೆಯ ಎಲ್ಲ ಹೆಸರುಗಳು ಮುಗಿದ ಮೇಲೆ, ಕೊನೆಯ ಪುಟದಲ್ಲಿ, ಹೊರದೇಶದ ಮತದಾರರು ಎಂಬ ಬೇರೆ ಶೀರ್ಷಿಕೆಯ ಕೆಳಗೆ ಒಂದೇ ಹೆಸರು. ಇಚ್ಚ ಅದನ್ನು ಓದಲಿಲ್ಲ, ನೋಡಿದರು.

ನವೆಂಬರಿನಲ್ಲಿ ನ್ಯೂಯಾರ್ಕಿನ ಮೇಯರ್ ಚುನಾವಣೆಯೂ ಮುಗಿಯಿತು. ಮತ್ತೊಂದು ಬೆಳಿಗ್ಗೆ, ಅದೇ ಬಾನೆಟ್ಟು, ಹೇಳಿದ ಮಾತಿನಂತೆ ದೊಡ್ಡ ಡಬ್ಬಿ. ಈ ಸಲ ಯಾರೂ ತಿದ್ದಲಿಲ್ಲ. ಎಲ್ಲರ ಬಾಯಲ್ಲಿ ಹಲ್ವಾ ಇರುವಾಗ ಇಚ್ಚ ಜೇಬಿನಿಂದ ಒಂದು ಕಾಗದ ತೆಗೆದು ಮ್ಯಾನೇಜರ ಮುಂದೆ ಬಿಡಿಸಿಟ್ಟರು. ರಜೆಯ ಅರ್ಜಿ. ಹೆಸರು, ನಂಬರು, ಎಷ್ಟು ದಿನ, ಕಾರಣ, ಸಹಿ, ಎಲ್ಲ ತುಂಬಿತ್ತು. ಕಾರಣದ ಎದುರು ಮತದಾನ ಎಂದಿತ್ತು.

“ಇದೆಂತ ಇಚ್ಚ, ದಿನಾಂಕ ಇಲ್ಲ?”

“ಅದು ಅವರು ಬರೆಯುವುದು, ಚುನಾವಣೆ ಮಾಡುವವರು. ಯಾವತ್ತು ಅಂತ ಹೇಳ್ತಾರೋ ಅವತ್ತು.”

“ದಿನಾಂಕ ಇಲ್ಲದ ಇಜಾಜಕ್ಕೆ ಸಹಿ ಹಾಕಿದ್ರೆ ನನ್ನನ್ನು ಮನೆಗೆ ಕಳಿಸ್ತಾರೆ. ರೂಲ್ ಇಲ್ಲ ಮಾರಾಯ್ರೆ.”

“ನಂಗೆ ಹೆಚ್ಚಿನ ಇಜಾಜ ಬೇಡ. ನನ್ನ ವರ್ಷದ ಇಜಾಜವನ್ನು ಪಟ್ಟಿಯಲ್ಲಿ ಎಲ್ಲಿ ಬೇಕಾದ್ರೂ ಹಾಕಿ, ಓಟಿನ ದಿನಗಳನ್ನು ಅದರಿಂದ ಕಳೆಯಿರಿ. ಇದೊಂದು ಮಾತ್ರ.”

ಮ್ಯಾನೇಜರು ಕಾಗದ ಹಿಡಿದುಕೊಂಡೇ ಕಾರು ಹತ್ತಿದರು. ದಾರಿಯಲ್ಲಿ ಅವರು ಏನು ಯೋಚಿಸಿದರೆಂದು ಕಲ್ಪಿಸಿ ಬರೆಯುವುದು ಸುಲಭ, ಬರೆಯುವುದಿಲ್ಲ. ಅವಾಲಿಯ ಗೇಟಿನಲ್ಲಿ ಪಾಸ್ ತೋರಿಸಲು ನಿಂತಾಗ ಪೆನ್ನು ಕೇಳಿದರು. ತೊಡೆಯ ಮೇಲಿಟ್ಟು ಸಹಿ ಹಾಕಿದರು. ಅದರ ಕೆಳಗೆ ಇಂಗ್ಲಿಷಿನಲ್ಲಿ ಇನ್ನೊಂದು ಸಾಲು ಬರೆದರು: ನನ್ನ ನಂತರ ಈ ಕುರ್ಚಿಗೆ ಬರುವವರೂ ಇದನ್ನು ಪಾಲಿಸತಕ್ಕದ್ದು.

“ಬರುವವ ನನ್ನಷ್ಟು ಒಳ್ಳೆಯವ ಆಗಿರುದಿಲ್ಲ,” ಎಂದು ಕಾಗದ ಹಿಂದಕ್ಕೆ ಚಾಚಿದರು. “ತಕೊಳ್ಳಿ ಮೇಡಮ್, ಇದಕ್ಕೊಂದು ನಂಬರು ಹಾಕಿ ಇಡಿ. ನಾನೇ ಕೇಳಿದ್ರೂ ವಾಪಸು ಕೊಡಬೇಡಿ.”

ಗೇಟಿನ ಕೋಲು ಮೇಲೆದ್ದ ಮೇಲೂ ಕಾರು ಒಂದು ಗಳಿಗೆ ಅಲ್ಲೇ ನಿಂತಿತ್ತು.

ನಂಬರು ಹಾಕಿದೆ. ನನ್ನ ಮೇಜಿನ ಬಲಗಡೆಯ ಕಪಾಟಿನಲ್ಲಿ, ಡ್ರಾಯಿಂಗುಗಳ ಫೈಲುಗಳ ಜೊತೆ ಅದಕ್ಕೂ ಒಂದು ಫೈಲು ಇದೆ. ಒಳಗೆ ಅದೊಂದೇ ಕಾಗದ. ನಾನು ಇಷ್ಟು ಹೊತ್ತು ಹೇಳಿದ್ದನ್ನು ನಂಬುವುದು ಬಿಡುವುದು ಓದುವವರಿಗೆ ಬಿಟ್ಟದ್ದು. ಆ ಕಾಗದವನ್ನು ಮಾತ್ರ ಬಂದು ನೋಡಬಹುದು. ವಾರಕ್ಕೊಮ್ಮೆ, ಕಾರಿನ ಬೀಗದ ಕೈ ಕೊಡಲು ಆಫೀಸಿಗೆ ಬಂದಾಗ, ಇಚ್ಚ ನನ್ನ ಮೇಜಿನ ಹತ್ತಿರ ನಿಲ್ಲುತ್ತಾರೆ.

“ಉಂಟಲ್ಲ, ತಂಗೀ?”

“ಉಂಟು, ಇಚ್ಚ.”