ಅಲೆ ಹತ್ತುತ್ತಿದ್ದ ಪಕ್ಕದ ಮನೆಯಣ್ಣ

ಆಯುಧಪೂಜೆಗೆ ಮನೆ ತೊಳೆಯೋಣವೆಂದು ಅಟ್ಟದ ಡಬ್ಬಿಗಳನ್ನೆಲ್ಲ ಇಳಿಸಿದಾಗ ಒಂದರಲ್ಲಿ ಕೊಬ್ಬರಿ ವಾಸನೆಯ ಮೇಣದ ಗಟ್ಟಿಯೊಂದು ಸಿಕ್ಕಿತು. ಮೂಗಿನ ಹತ್ತಿರ ಹಿಡಿದವಳು ಅಲ್ಲೇ ಕೂತುಬಿಟ್ಟೆ. ಪಕ್ಕದ ಮನೆಯ ಅಣ್ಣ ಕೊಟ್ಟಿದ್ದು. ಅಲೆಯ ಮೇಲೆ ನಿಲ್ಲುವ ಹಲಗೆಗೆ, ಕಾಲು ಜಾರದಿರಲೆಂದು ಉಜ್ಜುವ ಮೇಣ. ನಮ್ಮವ್ವ ಅದನ್ನು ಫಾರಿನ್ ಸೋಪು ಅಂದುಕೊಂಡು ಬಚ್ಚಲಿಗೆ ಒಯ್ದು ಮೈಗೆಲ್ಲ ತಿಕ್ಕಿ, ನೊರೆಯೂ ಬರದೆ, ಅಂಟೂ ಹೋಗದೆ, ಸೀಗೆಪುಡಿ ಹಾಕಿ ಕೆರೆದುಕೊಳ್ಳುತ್ತ ಕೊಟ್ಟವನ ವಂಶವನ್ನೆಲ್ಲ ಬೈದಿದ್ದಳು. ಅವನು ಜಗಲಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ...

ಹರದನಹಳ್ಳಿಯಲ್ಲಿ ಹುಟ್ಟಿದವನಿಗೂ ಕಡಲಿಗೂ ಎಲ್ಲಿಂದೆಲ್ಲಿಯ ಸಂಬಂಧ, ಹೇಳಿ. ನಾವೆಲ್ಲ ಈಜು ಕಲಿತದ್ದು ಅವರ ತೋಟದ ಬಾವಿಯಲ್ಲಿ, ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು. ಹುಡುಗಿಗೆ ಯಾಕೆ ಈಜು ಎಂದವರ ಬಾಯಿ ಮುಚ್ಚಿಸಿ ನನ್ನನ್ನು ನೀರಿಗೆ ತಳ್ಳಿದವನು ಅವನೇ. ಆಮೇಲೆ ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಲೋಡು ಹೊಡೆಯುವ ಟೆಂಪೊ ಓಡಿಸಲು ಸೇರಿದ. ಕ್ಯಾಲಿಕಟ್ಟಿನಲ್ಲಿ ಲೋಡು ಇಳಿಯುವ ತನಕ ಕಡಲ ದಂಡೆಯಲ್ಲಿ ಕೂರುತ್ತಿದ್ದನಂತೆ. ಒಂದು ಸಲ ಕೂತವನು ಏಳಲೇ ಇಲ್ಲ, ಟೆಂಪೊ ಮಾಲೀಕನೇ ಹೋಗಿ ಗಾಡಿ ತಂದ. ಅಲೆಯಾಟ, ಅದೇ ಸರ್ಫಿಂಗು, ಕಲಿಸುವ ಕಡೆ ಹಲಗೆ ಹೊರುವ ಕೆಲಸಕ್ಕೆ ನಿಂತು, ಕಲಿತು, ಕಲಿಸಿ, ಪಂದ್ಯ ಗೆದ್ದು, ಕೊನೆಗೆ ಪರದೇಶದವರೇ ಟಿಕೆಟ್ ಕೊಟ್ಟು ಕರೆಸಿಕೊಳ್ಳುವ ಮಟ್ಟಕ್ಕೆ ಬೆಳೆದ. ನಮಗದು ಕೆಲಸ ಅಂತಲೇ ಅನ್ನಿಸುತ್ತಿರಲಿಲ್ಲ.

ಒಂದು ಆಷಾಢದಲ್ಲಿ ಊರಿಗೆ ಬಂದಾಗ ಕೋಣೆಯಷ್ಟು ದೊಡ್ಡ ಗಾಳಿಪಟ ತಂದಿದ್ದ. ಸಮುದ್ರದಲ್ಲಿ ಅದನ್ನು ಸೊಂಟಕ್ಕೆ ಬಿಗಿದು, ಕಾಲಡಿ ಹಲಗೆ ಕಟ್ಟಿಕೊಂಡು ನೀರಿನ ಮೇಲೆ ಓಡುತ್ತಾನಂತೆ. ತೋರಿಸುತ್ತೇನೆಂದು ಊರ ಬಯಲಿನಲ್ಲಿ ಬಿಚ್ಚಿದ. ಆಷಾಢದ ಗಾಳಿ ಕೇಳಬೇಕೆ, ಇವನನ್ನು ಎಳೆದುಕೊಂಡು ಹೊರಟೇಬಿಟ್ಟಿತು. ಮೂವರು ಗಂಡಸರು ಅವನ ಸೊಂಟಕ್ಕೆ ಜೋತುಬಿದ್ದರು, ನಾಲ್ವರೂ ಹೋಗಿ ಬೇಲಿಗೆ ಬಿದ್ದರು. ನಕ್ಕು ನಕ್ಕು ಸುಸ್ತಾಗಿದ್ದ ನಮಗೆ, ಅವನ ಕೊರಳಲ್ಲಿ ಲಿಂಗ ಕಟ್ಟಿದ್ದ ಶಿವದಾರ ಪಟದ ಹಗ್ಗಕ್ಕೆ ಸಿಕ್ಕಿ ಕತ್ತು ಬಿಗಿದದ್ದು ಕಾಣಲಿಲ್ಲ. ಮುಖ ಕಪ್ಪಿಡುತ್ತಿತ್ತು. ಅವನ ಒಡಹುಟ್ಟಿದ ದೊಡ್ಡಣ್ಣ ಓಡಿಬಂದು ಕುಡುಗೋಲಿನಿಂದ ದಾರ ಕೊಯ್ದ.

ನಮ್ಮ ಕಡೆ ಲಿಂಗ ಕಟ್ಟಿಕೊಂಡವರ ಮನೆಗಳಲ್ಲಿ ಅದನ್ನು ಮೈಮೇಲಿಂದ ಇಳಿಸುವ ಮಾತೇ ಇಲ್ಲ. ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿದರೆ ಮಣ್ಣಿಗೆ ಹೋಗುವ ತನಕ ಜೊತೆಗೇ. ಮೈಮೇಲೆ ಲಿಂಗವಿಲ್ಲದಿದ್ದರೆ ನೀರೂ ಕುಡಿಯುವಂತಿಲ್ಲ. ಆ ಸಂಜೆ ಅವನು ತನ್ನ ತಾಯಿಗೆ, ನಾವೆಲ್ಲ ದೊಡ್ಡವ್ವ ಅನ್ನುತ್ತಿದ್ದವಳಿಗೆ, ಇನ್ನು ನೀರಿಗಿಳಿಯುವಾಗ ಕರಡಿಗೆ ಬಿಚ್ಚಿಡುತ್ತೇನೆ ಎಂದ. ತಾನು ಹತ್ತುವ ಅಲೆ ತೆಂಗಿನ ಮರದಷ್ಟು ಎತ್ತರ, ಅದರೊಳಗೆ ಸಿಕ್ಕರೆ ದಾರವೇ ಉರುಳಾಗುತ್ತದೆ ಎಂದ. ದೊಡ್ಡವ್ವ ಮಾತು ಬಿಟ್ಟಳು, ಊಟ ಬಿಟ್ಟಳು. ಕೊನೆಗೆ ಅವನು ಹೊರಡುವ ಹೊತ್ತಿಗೆ ತಾನೇ ಒಂದು ದಾರಿ ಹುಡುಕಿದಳು.

"ಬಿಚ್ಚಕ್ ಮುಂಚೆ ನಂಗೊಂದ್ ಪೋನ್ ಮಾಡು ಮಗ. ಮತ್ತೆ ಕಟ್ಕಂಡ್ ಮೇಲೆ ಮಾಡು. ಅಲ್ಲೀಗಂಟ ನಿನ್ ನೇಮ ನಾನ್ ಹಿಡ್ಕತೀನಿ. ಒಂದ್ ಹನಿ ನೀರೂ ಮುಟ್ಟಕಿಲ್ಲ."

ಅವನಿಗೆ ಮೊದಲು ಇದು ತಮಾಷೆಯಾಗಿ ಕಂಡಿತು. ಆಮೇಲೆ ತಮಾಷೆ ಉಳಿಯಲಿಲ್ಲ. ಫೋನ್ ಬಂತೆಂದರೆ ದೊಡ್ಡವ್ವ ನಡುಮನೆಯ ಕಂಬಕ್ಕೆ ಒರಗಿ ಕೂರುವಳು. ಅವನೂ ಅಷ್ಟೆ, ಎಂಥ ಒಳ್ಳೆಯ ಅಲೆ ಏಳುತ್ತಿದ್ದರೂ ಅವ್ವ ಬಾಯಾರಿ ಕೂತಿದ್ದಾಳೆಂದು ದಂಡೆಗೆ ಬಂದುಬಿಡುತ್ತಿದ್ದನಂತೆ. ಜೊತೆಯವರು ಗೇಲಿ ಮಾಡುತ್ತಾರೆ ಎಂದು ನನ್ನ ಹತ್ತಿರ ಹೇಳಿಕೊಂಡು ನಗುತ್ತಿದ್ದ. ಪುಣ್ಯಾತ್ಮ.

ಆ ಚಳಿಗಾಲದಲ್ಲಿ ಪೋರ್ಚುಗಲ್ಲಿಗೆ ಹೋಗಿದ್ದ. ಮಧ್ಯಾಹ್ನ ಫೋನ್ ಬಂತು, ಬಿಚ್ಚಿದೆ ಅವ್ವ ಅಂದ. ಸಂಜೆಯಾಯಿತು... ದೀಪ ಹಚ್ಚುವ ಹೊತ್ತೂ ಆಯಿತು... ನಾನು ಅವನ ನಂಬರಿಗೆ ಹೊಡೆದೇ ಹೊಡೆದೆ. ಬೆಳಗ್ಗೆ ಅವನ ಜೊತೆಗಾರನೊಬ್ಬ ದೊಡ್ಡಣ್ಣನಿಗೆ ಫೋನ್ ಮಾಡಿದ. ಅಲೆ ಅವನ ಮೇಲೆ ಮಗುಚಿತಂತೆ, ಹಲಗೆ ಸಿಕ್ಕಿದೆಯಂತೆ, ಅವನನ್ನು ಇನ್ನೂ ಹುಡುಕುತ್ತಿದ್ದಾರಂತೆ, ಆದರೆ ಆಸೆ ಇಟ್ಟುಕೊಳ್ಳಬೇಡಿ ಎಂದನಂತೆ. ಬಾವಿಯಾಗಿದ್ದರೆ ಹಗ್ಗ ಬಿಡುತ್ತಿದ್ದೆವು, ಊರಿಗೆ ಊರೇ ಇಳಿಯುತ್ತಿತ್ತು. ಅದೆಲ್ಲಿಯ ಕಡಲೋ, ಯಾವ ಬಸ್ಸು ಹತ್ತಿ ಎಲ್ಲಿಗೆ ಹೋಗುವುದು? ಕೈಕಾಲು ಕಟ್ಟಿಹಾಕಿದ ಹಾಗಾಗಿತ್ತು ನಮಗೆ.

ದೊಡ್ಡವ್ವನಿಗೆ ಹೇಳಿದೆವು. ಕೇಳಿಸಿಕೊಂಡಳು, ಕಂಬ ಬಿಟ್ಟು ಏಳಲಿಲ್ಲ. ತುಟಿ ಒಡೆದಿತ್ತು. ಮಠದ ಅಯ್ಯನವರು ಬಂದು ನೇಮ ಸಾಕು ತಾಯಿ ಎಂದರು. ಚಾಮರಾಜನಗರದಿಂದ ಬಂದ ಡಾಕ್ಟರು ಗದರಿದರು. ಯಾರಿಗೂ ಜಗ್ಗಲಿಲ್ಲ. ನಾನು ಲೋಟ ಹಿಡಿದು ಅವಳ ಕಾಲ ಬಳಿ ಕೂತು ಅತ್ತೆ. ನನ್ನ ತಲೆ ಸವರಿದಳು, ಅಷ್ಟೆ.

"ಅವ್ನಿನ್ನೂ ಕಟ್ಕಂಡಿಲ್ಲ ಕಣಮ್ಮಿ. ನಾನೆಂಗ್ ಕುಡೀಲಿ?"

ಮಧ್ಯಾಹ್ನದ ಹೊತ್ತಿಗೆ ಅವಳ ಮಡಿಲಲ್ಲಿದ್ದ ಫೋನ್ ಬಡಿದುಕೊಂಡಿತು. ನಾನೇ ಒತ್ತಿ ಅವಳ ಕಿವಿಗೆ ಹಿಡಿದೆ.

"ಅವ್ವ, ಕಟ್ಕಂಡೆ. ನೀರ್ ಕುಡಿ."

ನನಗೂ ಕೇಳಿಸಿತು. ದೊಡ್ಡಣ್ಣನ ದನಿ. ತಮ್ಮನ ಹಾಗೆ ಮಾತಾಡಲು ನೋಡುತ್ತಿದ್ದ. ಅಷ್ಟರಲ್ಲಿ ಅವರ ಕರು ಕೂಗಿದ್ದು ಫೋನಿನಿಂದಲೂ ಗೋಡೆಯಾಚೆಯ ಕೊಟ್ಟಿಗೆಯಿಂದಲೂ ಒಟ್ಟಿಗೇ ಬಂತು.

ದೊಡ್ಡವ್ವ ಕೊಟ್ಟಿಗೆಯ ಕಡೆಯ ಗೋಡೆಯನ್ನು ನೋಡಿದಳು. ಆಮೇಲೆ, ಸರಿ ಕಣಪ್ಪ, ಕುಡೀತೀನಿ ಎಂದಳು. ನನ್ನ ಕೈಯಿಂದ ಲೋಟ ತೆಗೆದುಕೊಂಡು ಪೂರ್ತಿ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ದೊಡ್ಡೋನು ಕೊಟ್ಗೇಲವ್ನೆ. ನೆನ್ನಿಂದ ಅವ್ನೂ ಏನೂ ತಿಂದಿಲ್ಲ. ಒಳಕ್ ಕರ್ದು ಕಾಪಿ ಕೊಡು."

ಅಣ್ಣ ಸಿಗಲೇ ಇಲ್ಲ. ದಂಡೆಯಲ್ಲಿ ಬಿಚ್ಚಿಟ್ಟಿದ್ದ ಕರಡಿಗೆಯನ್ನು ಆ ಜೊತೆಗಾರ ತಂದುಕೊಟ್ಟ. ಅಯ್ಯನವರು ಹೇಳಿದಂತೆ ಅದನ್ನೇ ಅವನೆಂದು ಅವರ ಹೊಲದಲ್ಲಿ ಮಣ್ಣು ಮಾಡಿದರು. ವರ್ಷಗಳಾದವು. ನಾನೀಗ ಚಾಮರಾಜನಗರದಲ್ಲಿದ್ದೇನೆ, ಊರಿಗೆ ಹೋದಾಗಲೆಲ್ಲ ಅವರ ಮನೆಗೂ ಹೋಗುತ್ತೇನೆ. ದೊಡ್ಡವ್ವ ಮೊಮ್ಮಕ್ಕಳ ನಡುವೆ ಕೂತಿರುತ್ತಾಳೆ, ದೊಡ್ಡಣ್ಣ ಹೊಲದ ಮಾತಾಡುತ್ತಾನೆ. ಆ ಫೋನಿನ ಸುದ್ದಿಯನ್ನು ತಾಯಿಯೂ ಎತ್ತಿಲ್ಲ, ಮಗನೂ ಎತ್ತಿಲ್ಲ. ನಾನಂತೂ ಎತ್ತುವವಳಲ್ಲ. ಅಣ್ಣ ಇಲ್ಲ. ಹೇಳಿದರೂ ಇಲ್ಲ, ಹೇಳದಿದ್ದರೂ ಇಲ್ಲ...